ರಾತ್ರಿ ಬ್ಲೋವರ್ ನಿಂತರೆ...

ಇಂಟರ್ನ್‌ಶಿಪ್ ಎಲ್ಲಿ ಎಂದು ಗೆಳತಿಯರು ಕೇಳಿದಾಗ ‘ಎಸ್‌ಟಿಪಿ’ ಎಂದಷ್ಟೇ ಹೇಳಿದ್ದೆ. ಅದು ಕೊಳಚೆ ನೀರು ಶುದ್ಧೀಕರಿಸುವ ಘಟಕ ಎಂದು ಬಿಡಿಸಿ ಹೇಳಲು ಮುಜುಗರ. ಅವರಲ್ಲಿ ಹೆಚ್ಚಿನವರು ಸಾಫ್ಟ್‌ವೇರ್ ಕಂಪನಿಗಳಿಗೆ ಹೊರಟಿದ್ದರು. ಸಿವಿಲ್ ಎಂಜಿನಿಯರಿಂಗ್ ಓದುವ ನಾನು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಗೆ ಇಳಿದಿದ್ದೆ.

ಮೊದಲ ದಿನ ಬೆಳಿಗ್ಗೆ ಮೂಗಿಗೆ ಬಡಿದದ್ದು ಕೊಳೆತ ಮೊಟ್ಟೆಯ ವಾಸನೆ. ‘ದಿನಾ ಹೀಗೇನಾ ಅಣ್ಣ?’ ಎಂದೆ. ‘ರಾತ್ರಿ ಬ್ಲೋವರ್ ಆಫ್ ಮಾಡ್ತೀವಲ್ಲ ಮೇಡಂ, ಅದಕ್ಕೆ. ಕರೆಂಟ್ ಬಿಲ್ ಜಾಸ್ತಿ ಬರುತ್ತಂತೆ’ ಎಂದರು ಆಪರೇಟರ್.

ಬ್ಲೋವರ್ ಎಂದರೆ ತೊಟ್ಟಿಯ ತಳಕ್ಕೆ ಗಾಳಿ ಊದುವ ಯಂತ್ರ. ಕೊಳಚೆಯನ್ನು ನಿಜವಾಗಿ ಶುದ್ಧ ಮಾಡುವುದು ಬ್ಯಾಕ್ಟೀರಿಯಾಗಳು. ಅವಕ್ಕೆ ಆಮ್ಲಜನಕ ಬೇಕು. ಇಂಥ ಘಟಕಗಳ ವಿದ್ಯುತ್ತಿನಲ್ಲಿ ಸುಮಾರು ಅರ್ಧದಷ್ಟು ಈ ಗಾಳಿಗೇ ಖರ್ಚಾಗುತ್ತದೆ. ಉಳಿತಾಯ ಎಂದ ಕೂಡಲೇ ಎಲ್ಲರ ಕೈ ಹೋಗುವುದು ಆ ಸ್ವಿಚ್ಚಿಗೇ.

ತೊಟ್ಟಿಯ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಸುಮಾರು 2 ಮಿಲಿಗ್ರಾಂ ಇರಬೇಕೆಂದು ಓದಿದ್ದೆ. ಮೀಟರ್ ಅದ್ದಿ ನೋಡಿದರೆ 0.3! ಆಮ್ಲಜನಕ ಮುಗಿದರೆ ಅದಿಲ್ಲದೆಯೂ ಬದುಕುವ ಸೂಕ್ಷ್ಮಜೀವಿಗಳು ಚುರುಕಾಗುತ್ತವೆ. ಆ ದುರ್ವಾಸನೆ ಹೈಡ್ರೋಜನ್ ಸಲ್ಫೈಡ್‌ನದು. ಅದರ ಜೊತೆ ವಾಸನೆಯೇ ಇಲ್ಲದ ಮೀಥೇನ್ ಕೂಡ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜೋರು. ಇನ್ನೊಂದು, ನೈಟ್ರಸ್ ಆಕ್ಸೈಡ್. ಕೊಳಚೆಯಲ್ಲಿರುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಹಂತ ಹಂತವಾಗಿ ಸಾರಜನಕವಾಗಿ ಬದಲಿಸುತ್ತವೆ. ಗಾಳಿ ಏರುಪೇರಾದರೆ ಕೆಲಸ ಅರ್ಧಕ್ಕೇ ನಿಂತು ಈ ಅನಿಲ ಹೊರಬೀಳುತ್ತದೆ. ಇದರದ್ದು ಸುಮಾರು 270 ಪಟ್ಟು!

ಹಾಗಾದರೆ ಇಂಥ ಘಟಕಗಳೇ ಬೇಡವೇ? ಖಂಡಿತ ಬೇಕು. ಕೊಳಚೆ ನೇರವಾಗಿ ಕೆರೆ ಸೇರಿದರೆ ಅಲ್ಲಿಯ ಕೆಸರಿನಲ್ಲೂ ಮೀಥೇನ್ ಹುಟ್ಟುತ್ತದೆ. ಬೆಳ್ಳಂದೂರು ಕೆರೆಯ ನೊರೆ, ಬೆಂಕಿಯನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ. 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ನೀರೇ. ಘಟಕ ಇದ್ದರೆ ಸಾಲದು, ಸರಿಯಾಗಿ ನಡೆಯಬೇಕು.

ಕೊನೆಯ ವಾರ ನಿವಾಸಿಗಳ ಸಂಘದವರ ಮುಂದೆ ಇದನ್ನೆಲ್ಲ ಹೇಳಿದೆ. ಹಿರಿಯರೊಬ್ಬರು, ‘ಗ್ಯಾಸ್ ಕತೆ ಇರಲಿ ಮಗಳೇ, ಬಿಲ್ ಏನಾಗುತ್ತೆ ಹೇಳು’ ಎಂದರು. ಅದೃಷ್ಟಕ್ಕೆ ಮೀಟರ್ ರೀಡಿಂಗ್ ಬರೆದಿಟ್ಟಿದ್ದೆ. ನೀರು ಕಡಿಮೆ ಬರುವ ಮಧ್ಯಾಹ್ನವೂ ಬ್ಲೋವರ್ ಪೂರ್ತಿ ವೇಗದಲ್ಲಿ ಓಡುತ್ತಿತ್ತು. ವೇಗ ತಗ್ಗಿಸುವ ಸಾಧನ ಅಲ್ಲೇ ಇದ್ದರೂ ಯಾರೂ ಬಳಸುತ್ತಿರಲಿಲ್ಲ. ಮಧ್ಯಾಹ್ನ ವೇಗ ಇಳಿಸಿ, ಉಳಿದ ಯೂನಿಟ್‌ಗಳನ್ನು ರಾತ್ರಿಗೆ ಕೊಟ್ಟರೆ ಬಿಲ್ ಹೆಚ್ಚೇನೂ ಏರದು ಎಂದು ಲೆಕ್ಕ ತೋರಿಸಿದೆ. ‘ಒಂದು ತಿಂಗಳು ನೋಡೋಣ’ ಎಂದರು.

ಕಾಲೇಜಿಗೆ ಮರಳಿದ ಎರಡನೇ ವಾರ ಆಪರೇಟರ್ ಅಣ್ಣ ವಾಟ್ಸ್ಆ್ಯಪ್‌ನಲ್ಲಿ ಮೀಟರ್ ಫೋಟೊ ಕಳಿಸಿದರು: 1.8. ಕೆಳಗೆ, ‘ವಾಸನೆ ಇಲ್ಲ ಮೇಡಂ’ ಎಂದಿತ್ತು.

ನಿಮ್ಮ ಹಾಸ್ಟೆಲ್, ಪಿ.ಜಿ. ಪಕ್ಕ ಬೆಳಿಗ್ಗೆ ಆ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಹೋಗಬೇಡಿ. ರಾತ್ರಿ ಬ್ಲೋವರ್ ಓಡಿತ್ತೇ ಎಂದು ಒಮ್ಮೆ ಕೇಳಿ. ಈಗ ಯಾರಾದರೂ ಇಂಟರ್ನ್‌ಶಿಪ್ ಎಲ್ಲಿ ಮಾಡಿದೆ ಎಂದರೆ, ಕೊಳಚೆ ನೀರಿನ ಘಟಕದಲ್ಲಿ ಎಂದು ಬಿಡಿಸಿಯೇ ಹೇಳುತ್ತೇನೆ.