ಪೊಟ್ಟಣದೊಳಗಿನ ಭಾಗ್ಯಲಕ್ಷ್ಮಿ ಯಾರಿಗೆ ಒಲಿದಳು?

ಮೊನ್ನೆ ಭಾನುವಾರ ನಮ್ಮ ಅಕ್ಕನ ಮನೆಯಲ್ಲಿ ಒಂದು ಪಂಚಾಯ್ತಿ. ವಾದಿ, ಒಂಬತ್ತನೇ ಕ್ಲಾಸಿನ ನನ್ನ ಸೋದರಳಿಯ. ಪ್ರತಿವಾದಿ, ಅವನ ಅಜ್ಜಿ, ಅಂದರೆ ನಮ್ಮಮ್ಮ. ನ್ಯಾಯ ಹೇಳಲು ನನ್ನನ್ನು ಕೂರಿಸಿದರು.

ವಿಷಯ ಇಷ್ಟೆ. ಹಬ್ಬ ಹುಣ್ಣಿಮೆಗೆ ಅಜ್ಜಿ ಕೊಟ್ಟ ಕಾಸನ್ನು ಹುಡುಗ ವರ್ಷವಿಡೀ ಕೂಡಿಟ್ಟು ಎರಡೂವರೆ ಸಾವಿರ ರೂಪಾಯಿ ಮಾಡಿದ್ದಾನೆ. ಅಷ್ಟನ್ನೂ ಸುರಿದು ಒಂದೇ ಒಂದು ಪೊಟ್ಟಣ ತರಿಸಬೇಕಂತೆ. ಒಳಗೆ ಏನಿದೆ? ಹದಿನೈದು ಕಾರ್ಡು. ಯಾವ ಕಾರ್ಡು? ಗೊತ್ತಿಲ್ಲ!

'ನಾನು ಕಾಲು ಕೇಜಿ ಬದನೆಕಾಯಿ ತಗೊಂಡ್ರೂ ಹುಳ ಇದೆಯಾ ಅಂತ ತಿರುಗಿಸಿ ನೋಡ್ತೀನಿ. ಇವನು ನೋಡ್ದೇನೇ ಎರಡೂವರೆ ಸಾವಿರ ಕೊಡ್ತಾನಂತೆ' ಎಂದು ಅಮ್ಮನ ವಾದ.

'ಮಾಮ, ಇಂಥದ್ದೇ ಪೊಟ್ಟಣ ಒಡೆದು ಒಬ್ಬನಿಗೆ 16 ಕೋಟಿ ಸಿಕ್ಕಿದೆ!' ಎಂದು ಹುಡುಗನ ವಾದ.

ಪಿ.ಯು.ಸಿ. ಅರ್ಧಕ್ಕೇ ಬಿಟ್ಟವನು ನಾನು. ತೀರ್ಪನ್ನು ಒಂದು ವಾರ ಮುಂದೂಡಿ, ಗೊತ್ತಿದ್ದವರನ್ನು ವಿಚಾರಿಸಿದೆ. ವಾಚಕರೇ, ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಗಣಿತದ ಮೇಷ್ಟ್ರ ಆಟ

ಈ ವ್ಯಾಪಾರದ ಬೇರು ಇರುವುದು ಅಮೇರಿಕದಲ್ಲಿ. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಮೇಷ್ಟ್ರು ಕಟ್ಟಿದ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಕಾರ್ಡಾಟವನ್ನು ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 1993ರಲ್ಲಿ ಅಂಗಡಿಗೆ ಇಳಿಸಿತು. ನಮ್ಮ ಇಸ್ಪೀಟಿನಲ್ಲಿ 52 ಎಲೆ, ಎಲ್ಲರಿಗೂ ಅವೇ. ಇದರಲ್ಲಿ ಹಾಗಲ್ಲ. ನೂರಾರು ಬಗೆಯ ಕಾರ್ಡು. ಒಬ್ಬೊಬ್ಬ ಆಟಗಾರ ತನ್ನ ಕಟ್ಟನ್ನು ತಾನೇ ಕೂಡಿಸಿಕೊಳ್ಳಬೇಕು. ಕೂಡಿಸಿಕೊಳ್ಳಲು ಮುಚ್ಚಿದ ಪೊಟ್ಟಣ ಕೊಳ್ಳಬೇಕು. ಇದಕ್ಕೇ ಬೂಸ್ಟರ್ ಪ್ಯಾಕ್ ಎಂದು ಹೆಸರು.

ಮೊದಲಿನ ಪೊಟ್ಟಣದಲ್ಲಿ 15 ಕಾರ್ಡು. ಅದರಲ್ಲಿ 11 ಸಾಧಾರಣ, 3 ಸ್ವಲ್ಪ ಅಪರೂಪ, ಒಂದೇ ಒಂದು ಅಪರೂಪ. ಆ ಒಂದರ ಆಸೆಗೆ ಉಳಿದ ಹದಿನಾಲ್ಕನ್ನೂ ಕೊಳ್ಳಬೇಕು. 1999ರಲ್ಲಿ ಮಿರಿಮಿರಿ ಮಿನುಗುವ ಫಾಯಿಲ್ ಕಾರ್ಡು ಬಂತು. 2008ರಲ್ಲಿ ಅಪರೂಪಕ್ಕಿಂತ ಅಪರೂಪದ 'ಮಿಥಿಕ್' ಬಂತು, ಸುಮಾರು ಎಂಟು ಪೊಟ್ಟಣಕ್ಕೆ ಒಂದು.

ಕೊನೆಗೆ 2019ರಲ್ಲಿ ಬಂದದ್ದೇ ನಮ್ಮ ಹುಡುಗ ಕೇಳುತ್ತಿರುವ 'ಕಲೆಕ್ಟರ್ ಬೂಸ್ಟರ್'. ಆಗ ಸಾಧಾರಣ ಪೊಟ್ಟಣ ನಾಲ್ಕೈದು ಡಾಲರ್ ಇದ್ದರೆ ಇದು ಇಪ್ಪತ್ತು, ಇಪ್ಪತ್ತೈದು, ಒಮ್ಮೊಮ್ಮೆ ಇನ್ನೂ ಮೇಲೆ ಇತ್ತು. ಒಳಗೆ ಅಪರೂಪವೂ ಹೆಚ್ಚು, ಫಾಯಿಲೂ ಹೆಚ್ಚು. ಹಾಗಾದರೆ ಲಾಭವೇ ಅಲ್ಲವೇ ಅಂತೀರಾ? ತಡೆಯಿರಿ.

ಉಂಗುರ ಸಿಕ್ಕಿತು!

2023ರ ಜೂನ್‌ನಲ್ಲಿ ಕಂಪನಿ 'ಲಾರ್ಡ್ ಆಫ್ ದಿ ರಿಂಗ್ಸ್' ಕಥೆಯ ಕಾರ್ಡುಗಳನ್ನು ಬಿಟ್ಟಿತು. ಅದರಲ್ಲಿ 'ದಿ ಒನ್ ರಿಂಗ್' ಎಂಬ ಉಂಗುರದ ಕಾರ್ಡಿನ ಒಂದು ವಿಶೇಷ ಮುದ್ರಣ. ಇಡೀ ಪ್ರಪಂಚಕ್ಕೆ ಒಂದೇ ಪ್ರತಿ, ಅದೂ ಕಲೆಕ್ಟರ್ ಪೊಟ್ಟಣದಲ್ಲಿ ಮಾತ್ರ. ಜನ ಮುಗಿಬಿದ್ದರು. ಕೆನಡಾದ ಒಬ್ಬ ಸಾಮಾನ್ಯ ಅಂಗಡಿ ನೌಕರನ ಪೊಟ್ಟಣದಲ್ಲಿ ಉಂಗುರ ಸಿಕ್ಕಿತು. ಆಗಸ್ಟ್‌ನಲ್ಲಿ ಹಾಡುಗಾರ ಪೋಸ್ಟ್ ಮಲೋನ್ ಅದನ್ನು ಸುಮಾರು 20 ಲಕ್ಷ ಡಾಲರಿಗೆ ಕೊಂಡುಕೊಂಡ. ನಮ್ಮ ಲೆಕ್ಕದಲ್ಲಿ 16 ಕೋಟಿ ರೂಪಾಯಿ ಮೇಲೆ.

ಸುದ್ದಿಯಾದದ್ದು ಆ ಒಬ್ಬನದು. ಉಂಗುರ ಸಿಗದೆ ಪೊಟ್ಟಣ ಒಡೆದವರ ಸುದ್ದಿ ಯಾವ ಪತ್ರಿಕೆ ಬರೆದೀತು?

ನೂರು ಪೊಟ್ಟಣದ ಲೆಕ್ಕ

ಒಂದು ಉದಾಹರಣೆ ಲೆಕ್ಕ ಹಾಕೋಣ. 25 ಡಾಲರಿನ ನೂರು ಪೊಟ್ಟಣ, ಒಟ್ಟು 2,500 ಡಾಲರ್. ಒಂದರಲ್ಲಿ 500 ಡಾಲರಿನ ಮಾಲು, ಐದರಲ್ಲಿ ತಲಾ 60ರ ಮಾಲು, ಉಳಿದ 94ರಲ್ಲಿ ತಲಾ 8 ಡಾಲರಿನದು ಎಂದಿಟ್ಟುಕೊಳ್ಳಿ. ಕೂಡಿದರೆ 1,552. ಅಂದರೆ ಪೊಟ್ಟಣಕ್ಕೆ ಸರಾಸರಿ ಹದಿನೈದೂವರೆ ಡಾಲರ್. ಆದರೆ ಹದಿನೈದೂವರೆ ಯಾರ ಕೈಗೂ ಬರುವುದಿಲ್ಲ. ಆರು ಜನ ಕುಣಿಯುತ್ತಾರೆ, 94 ಜನ 25 ಕೊಟ್ಟು 8ರ ಕಾಗದ ಹಿಡಿದು ಮನೆಗೆ ಹೋಗುತ್ತಾರೆ.

ಇಲ್ಲ ಸ್ವಾಮಿ, ಒಳಗಿನ ಮಾಲೇ ಹೆಚ್ಚು ಬೆಲೆಯದಿದ್ದರೆ? ಈ ಮಾತು ಅಂಗಡಿ ಇಟ್ಟವರಿಗೆ ಚೆನ್ನಾಗಿ ಗೊತ್ತು. 25ರ ಪೊಟ್ಟಣದಲ್ಲಿ ಸರಾಸರಿ 40ರ ಮಾಲು ಇದ್ದರೆ ಅದನ್ನು ಯಾವ ಅಂಗಡಿಯವನು ನಿಮಗೆ ಕೊಡುತ್ತಾನೆ? ತಾನೇ ಪೆಟ್ಟಿಗೆಗಟ್ಟಲೆ ಒಡೆದು ಬಿಡಿ ಕಾರ್ಡು ಮಾರುತ್ತಾನೆ. ಅಲ್ಲಿ ದೊಡ್ಡ ವ್ಯಾಪಾರಿಗಳು ಮಾಡುವುದೇ ಅದು. ನಾಲ್ಕು ಜನ ಹಾಗೆ ಒಡೆದರೆ ಬಿಡಿ ಕಾರ್ಡು ಪೇಟೆಗೆ ಸುರಿದು ಬೆಲೆ ಇಳಿಯುತ್ತದೆ. ಅಲ್ಲಿಗೆ ಲೆಕ್ಕ ಮತ್ತೆ ಪೊಟ್ಟಣದ ಬೆಲೆಗಿಂತ ಕೆಳಗೆ. ನಿಮ್ಮ ಕೈಗೆ ಪೊಟ್ಟಣ ಮುಚ್ಚಿಕೊಂಡೇ ಬಂದಿದೆ ಎಂದರೆ, ಅದನ್ನು ಒಡೆದರೆ ತನಗೆ ಗಿಟ್ಟುವುದಿಲ್ಲ ಎಂದು ಮಾರುವವನು ಮೊದಲೇ ಗುಣಿಸಿ ನೋಡಿದ್ದಾನೆ.

ಫಾಯಿಲಿನ ಕಥೆಯೂ ಅಷ್ಟೆ. ಅಪರೂಪಕ್ಕೊಂದು ಮಿನುಗುತ್ತಿದ್ದಾಗ ಅದಕ್ಕೆ ಮರ್ಯಾದೆ ಇತ್ತು. ಪೊಟ್ಟಣದ ತುಂಬ ಮಿನುಗತೊಡಗಿದ ಮೇಲೆ ಎಷ್ಟೋ ಫಾಯಿಲ್ ಕಾರ್ಡಿಗೂ ಬರಿಯ ಕಾರ್ಡಿಗೂ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವೇ ಉಳಿಯಲಿಲ್ಲ.

ಕರಿ ಕಮಲದ ಪ್ರಕರಣ

1993ರ ಮೊದಲ ಮುದ್ರಣದಲ್ಲಿ 'ಬ್ಲ್ಯಾಕ್ ಲೋಟಸ್', ಅಂದರೆ ಕರಿ ಕಮಲ ಎಂಬ ಕಾರ್ಡು ಇತ್ತು. ಚಿತ್ರಕಾರನ ಸಹಿ ಇದ್ದ ಅಂಥ ಒಂದು ಪ್ರತಿ 2021ರ ಜನವರಿಯಲ್ಲಿ ಹರಾಜಾದದ್ದು 5,11,100 ಡಾಲರಿಗೆ. ಕಂಪನಿ ಸುಮ್ಮನಿರುತ್ತದೆಯೇ? ಆಟಕ್ಕೆ 30 ವರ್ಷ ತುಂಬುವ ನೆಪದಲ್ಲಿ, 2022ರ ನವೆಂಬರ್ 28ರಂದು ಆ ಹಳೆಯ ಕಾರ್ಡುಗಳ ಹೊಸ ಮುದ್ರಣ ಮಾರಿತು. ನಾಲ್ಕು ಪೊಟ್ಟಣಕ್ಕೆ 999 ಡಾಲರ್, ಆಗಿನ ಸುಮಾರು 81 ಸಾವಿರ ರೂಪಾಯಿ! ಒಳಗೆ ಬರುವುದು ಯಾವುದೆಂದು ಇಲ್ಲೂ ಗೊತ್ತಿಲ್ಲ. ಸಾಲದ್ದಕ್ಕೆ, ಅಧಿಕೃತ ಪಂದ್ಯಗಳಲ್ಲಿ ಆ ಕಾರ್ಡು ಆಡುವಂತೆಯೂ ಇಲ್ಲ. ಆಟಗಾರರೇ ಉಗಿದರು. ಅದೇ ತಿಂಗಳು ಬ್ಯಾಂಕ್ ಆಫ್ ಅಮೇರಿಕ, ಕಾರ್ಡು ವಿಪರೀತ ಮುದ್ರಿಸಿ ಆಟದ ಬೆಲೆಯನ್ನೇ ಕೊಲ್ಲುತ್ತಿದ್ದೀರಿ ಎಂದು ಒಡೆಯ ಕಂಪನಿ ಹ್ಯಾಸ್ಬ್ರೋಗೆ ಎಚ್ಚರಿಸಿತು. ಷೇರು ಕುಸಿಯಿತು.

ಒಡೆಯದೇ ಇಟ್ಟರೆ?

'ಸರಿ ಮಾಮ, ಒಡೆಯೋದೇ ಬೇಡ. ಹಾಗೇ ಇಟ್ಟು ಹತ್ತು ವರ್ಷದ ಮೇಲೆ ಮಾರ್ತೀನಿ' ಎಂದ ಹುಡುಗ. ಬುದ್ಧಿವಂತನೇ. ಹಳೆಯ ಮುಚ್ಚಿದ ಪೊಟ್ಟಣಗಳಿಗೆ ಭಾರಿ ಬೆಲೆ ಬಂದಿರುವುದು ನಿಜ. ಆದರೆ ಅಲ್ಲೂ ಗುಂಡಿಗಳಿವೆ.

ಪೋಕೆಮಾನ್ ಕಾರ್ಡಿನ ಹಳೆಯ ಪೊಟ್ಟಣಗಳನ್ನೇ ನೋಡಿ. ಮಿನುಗುವ ಕಾರ್ಡು ಕೂದಲೆಳೆಯಷ್ಟು ಭಾರ. ಚಿನ್ನ ತೂಗುವಂಥ ತಕ್ಕಡಿಯಲ್ಲಿ ತೂಗಿ, ಭಾರದ್ದನ್ನು ತಾವಿಟ್ಟುಕೊಂಡು ಹಗುರದ್ದನ್ನು ಅಮಾಯಕರಿಗೆ ದಾಟಿಸಿದವರಿದ್ದಾರೆ.

ಇನ್ನು ಕುಸ್ತಿ ಅಖಾಡದಲ್ಲಿ ನಮ್ಮ ಹುಡುಗರೂ ಕಂಡಿರುವ ಲೋಗನ್ ಪಾಲ್. ಪೋಕೆಮಾನಿನ ಮೊದಲ ಮುದ್ರಣದ ಮುಚ್ಚಿದ ಪೆಟ್ಟಿಗೆಗಳೆಂದು ಈತ 35 ಲಕ್ಷ ಡಾಲರ್ ತೆತ್ತ. 2022ರ ಜನವರಿಯಲ್ಲಿ ಕ್ಯಾಮೆರಾ ಮುಂದೆ ಒಡೆದು ನೋಡಿದರೆ ಒಳಗೆ 'ಜಿ.ಐ. ಜೋ' ಎಂಬ ಬೇರೆಯೇ ಕಾರ್ಡು! ಅಸಲಿ ಎಂದು ಪರೀಕ್ಷಕರು ಹೇಳಿದ್ದ ಪೆಟ್ಟಿಗೆಯದು. ದುಡ್ಡು ವಾಪಸ್ಸು ಬಂತೆನ್ನಿ, ಅವನು ಲೋಗನ್ ಪಾಲ್. ನಮ್ಮ ಹುಡುಗನಿಗೆ ವಾಪಸ್ಸು ಕೊಡುವವರು ಯಾರು?

ನಮ್ಮಪ್ಪನ ಅಂಗಡಿ

ಇದೆಲ್ಲ ಕೇಳುವಾಗ ನನಗೆ ನೆನಪಾದದ್ದು ನಮ್ಮಪ್ಪನ ಬೀಡಿ ಅಂಗಡಿ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಲ್ಲುವ ತನಕ ಅಂಗಡಿ ಮುಂದೆ ದಾರಕ್ಕೆ ಟಿಕೆಟ್ಟುಗಳು ತೋರಣದಂತೆ ತೂಗುತ್ತಿದ್ದವು. ಅಪ್ಪ ಸಾವಿರಾರು ಟಿಕೆಟ್ ಮಾರಿದ. ತನಗೆಂದು ಒಂದನ್ನೂ ಹರಿದುಕೊಳ್ಳಲಿಲ್ಲ. ಯಾಕಪ್ಪ ಎಂದು ಕೇಳಿದ್ದಕ್ಕೆ, 'ನನಗೆ ದಿನಾ ಕಮಿಷನ್ ಹೊಡೀತದಲ್ಲ, ಅದೇ ಬಹುಮಾನ' ಎಂದಿದ್ದ. ಎದುರಿನ ಗ್ಯಾರೇಜಿನ ಒಬ್ಬ ಮೆಕ್ಯಾನಿಕ್ ದಿನಾ ಸಂಜೆ ಕೂಲಿಯಲ್ಲಿ ಅರ್ಧ ಟಿಕೆಟ್ಟಿಗೇ ಹಾಕುತ್ತಿದ್ದ. ಲಾಟರಿ ನಿಂತ ತಿಂಗಳು ಆತನ ಹೆಂಡತಿ ಅಂಗಡಿಗೆ ಬಂದು ಅಪ್ಪನಿಗೆ ಎರಡು ಬಾಳೆಹಣ್ಣು ಕೊಟ್ಟು ಹೋದಳು. ಅಪ್ಪ ಅದನ್ನು ತಿನ್ನಲಿಲ್ಲ.

ತೀರ್ಪು

ಆದರೂ ಆಟವನ್ನು ನಾನು ಬಯ್ಯಲಾರೆ. ಸಾಧಾರಣ ಪೊಟ್ಟಣಕ್ಕೆ ಒಂದು ನಿಜವಾದ ಉಪಯೋಗವಿದೆ. ನಾಲ್ಕಾರು ಗೆಳೆಯರು ಸುತ್ತ ಕೂತು ತಲಾ ಮೂರು ಪೊಟ್ಟಣ ಒಡೆದು, ಒಂದೊಂದೇ ಕಾರ್ಡು ಆರಿಸಿಕೊಂಡು ಪಕ್ಕದವನಿಗೆ ದಾಟಿಸುತ್ತ, ಸಿಕ್ಕಿದ್ದರಲ್ಲೇ ಕಟ್ಟು ಕಟ್ಟಿ ಆಡುವ 'ಡ್ರಾಫ್ಟ್' ಎಂಬ ಪದ್ಧತಿಯಿದೆ. ಇಡೀ ಸಂಜೆಯ ಆಟ. ದುಬಾರಿ ಪೊಟ್ಟಣವನ್ನು ಅದಕ್ಕಾಗಿ ಮಾಡಿದ್ದೇ ಅಲ್ಲ. ಎರಡು ನಿಮಿಷದಲ್ಲಿ ಒಡೆದು ಮುಗಿಯುತ್ತದೆ.

ಅದಕ್ಕೇ ಹೇಳಿದೆ: 'ನಿನಗೆ ಬೇಕಾದ ಕಾರ್ಡು ಯಾವುದೋ ಅದನ್ನೇ ಬಿಡಿಯಾಗಿ, ಮುಖ ನೋಡಿ ತಗೋ. ಆಡೋಕೆ ಆದ್ರೆ ಸಾಧಾರಣ ಪೊಟ್ಟಣ ತಗೋ. ಕೋಟಿ ಬರ್ತದೆ ಅಂತ ಮಾತ್ರ ತಗೋಬೇಡ.'

ಹುಡುಗ ಹಾಳೆ ಪೆನ್ನು ತಂದು ನನ್ನ ನೂರು ಪೊಟ್ಟಣದ ಲೆಕ್ಕವನ್ನು ತಾನೇ ಮತ್ತೆ ಹಾಕಿದ. ಎರಡು ಸಲ ಹಾಕಿದ. 1,552ಕ್ಕೇ ಬಂತು. ಮುಖ ಸಪ್ಪಗಾಯಿತು. ಕೊನೆಗೆ ಸಾಧಾರಣ ಪೊಟ್ಟಣ ಮೂರು, ಬಿಡಿ ಕಾರ್ಡು ಎರಡು ಎಂದು ರಾಜಿಯಾಯಿತು. ಉಳಿದ ಕಾಸನ್ನು ಅಜ್ಜಿ ಸೆರಗಿಗೆ ಗಂಟು ಹಾಕಿಕೊಳ್ಳುತ್ತ ಕೇಳಿದರು: 'ಬಿಡಿ ಕಾರ್ಡಿನ ಮುಖ ನೋಡಿ ತಗೋತೀಯ ತಾನೆ?'

'ಹೂಂ ಅಜ್ಜಿ.'

'ಹಾಗಾದ್ರೆ ಸರಿ. ಅದು ವ್ಯಾಪಾರ.'