ನಿಮಗಿದು ಗೊತ್ತೆ? ಸೂಜಿಗೆ ಸಿಗಲಿಲ್ಲ ಎಂದರೆ ಇಲ್ಲ ಎಂದಲ್ಲ

ಎದೆಯ ಸಿ.ಟಿ. ಸ್ಕ್ಯಾನಿನಲ್ಲಿ ಕಡಲೆಕಾಳಿನಷ್ಟು ಗಂಟು ಕಂಡು, ಬೊರಿವಲಿಯಿಂದ ಲೋಕಲ್ ಹಿಡಿದು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೋ ಬೇರೆಡೆಗೋ ಹೋಗುವವರು ಒಂದು ಮಾತು ತಿಳಿದಿರಲೇಬೇಕು. ಸ್ಕ್ಯಾನ್ ನೋಡುತ್ತಾ ಸೂಜಿ ಚುಚ್ಚಿ ಮಾಡುವ ಬಯಾಪ್ಸಿ ‘ಕ್ಯಾನ್ಸರ್ ಇದೆ’ ಎಂದರೆ ಬಹುಮಟ್ಟಿಗೆ ನಂಬಬಹುದು. ‘ಕಾಣಲಿಲ್ಲ’ ಎಂದರೆ ಅಷ್ಟೇ ಭರವಸೆ ಇಡಲಾಗದು. ಒಟ್ಟಾರೆ ನಿಖರತೆ ಶೇ. 90ರ ಆಸುಪಾಸು. ಗಂಟು 1 ಸೆಂ.ಮೀ.ಗೆ ಇಳಿದಂತೆ ಅದೂ ಇಳಿಯುತ್ತದೆ. ಶ್ವಾಸಕೋಶದ ತಳಭಾಗದ ಪುಟ್ಟ ಗಂಟು ಒಂದೊಂದು ಉಸಿರಿಗೂ ತನ್ನ ಗಾತ್ರಕ್ಕಿಂತ ಹೆಚ್ಚು ಸರಿಯಬಲ್ಲದು. ‘ಪ್ರತಿ ಸಲವೂ ಅಷ್ಟೇ ಉಸಿರೆಳೆದು ಹಿಡಿಯಿರಿ’ ಎನ್ನುವುದು ಅದಕ್ಕೇ.

ನಮ್ಮಲ್ಲಿ ಕ್ಷಯವೂ ಇಂಥದೇ ಗಂಟು ಕಟ್ಟುತ್ತದೆ. ವರದಿಯಲ್ಲಿ ಕ್ಷಯದ ರೋಗಾಣು ಸಿಕ್ಕಿದ್ದರೆ ಅದು ಉತ್ತರ. ಬರೀ ‘ಉರಿಯೂತ’ ಎಂದಿದ್ದರೆ ಸೂಜಿ ಪಕ್ಕಕ್ಕೆ ಹೋಗಿರಲೂಬಹುದು. ಮತ್ತೆ ಸ್ಕ್ಯಾನ್, ಬೇಕಾದರೆ ಮತ್ತೆ ಬಯಾಪ್ಸಿ ಅಗತ್ಯ. ಹಾಗಾದರೆ ನೇರ ಆಪರೇಷನ್ನೇ ಮಾಡಬಾರದೇ? ಕೆಲವರಿಗೆ ಅದೇ ಸರಿ, ಆದರೆ ಔಷಧಿಗೆ ಕರಗುವ ಕ್ಷಯಕ್ಕಾಗಿ ಎದೆ ಕೊಯ್ಯಿಸಿಕೊಳ್ಳುವುದು ಅನ್ಯಾಯ. ಸೂಜಿಯಿಂದ ಕ್ಯಾನ್ಸರ್ ಹರಡುತ್ತದೆಂಬ ಭಯ ದೊಡ್ಡದು, ಹಾಗಾಗುವುದು ತೀರಾ ವಿರಳ. ನಿಜವಾದ ತೊಂದರೆ ಶ್ವಾಸಕೋಶದ ಸುತ್ತ ಗಾಳಿ ಸೋರುವುದು: ಸುಮಾರು ನಾಲ್ಕೈದು ಮಂದಿಯಲ್ಲಿ ಒಬ್ಬರಿಗೆ ಹಾಗಾಗುತ್ತದೆ, ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ. ಚುಚ್ಚಿದ ಮೇಲೆ ಕೆಲವು ಗಂಟೆ ಮಲಗಿಸಿ ಮತ್ತೆ ಎಕ್ಸ್-ರೇ ತೆಗೆಯುವುದು ಇದನ್ನು ನೋಡಲೆಂದೇ.