ದಾಂಡಿಗರಿಗೆ ಬರವಿಲ್ಲ, ಚೆಂಡೆಸೆಯುವವರೆಲ್ಲಿ?

ರಣಜಿ ಪಂದ್ಯಗಳ ಕಾಲ ಬಂತೆಂದರೆ ನಮ್ಮ ಕಾಸರಗೋಡು ಸೀಮೆಯ ಕನ್ನಡ ಮನೆಗಳಲ್ಲಿ ಒಂದು ಸಣ್ಣ ಒಳಜಗಳ ಎದ್ದೇ ಏಳುತ್ತದೆ. ತಂದೆ ಕರ್ನಾಟಕದ ಪಕ್ಷ, ಮಗ ಕೇರಳದ ಪಕ್ಷ. ಅಜ್ಜನವರಿಗೋ ಅದು ಇನ್ನೂ ‘ಮೈಸೂರು ತಂಡ’ವೇ. 2025ರ ಫೆಬ್ರವರಿಯಲ್ಲಿ ಈ ಜಗಳ ಕಾವೇರಿತು. ಅಹಮದಾಬಾದಿನ ಸೆಮಿಫೈನಲಿನಲ್ಲಿ ನಮ್ಮ ತಳಂಗರೆಯ ಮಹಮ್ಮದ್ ಅಜರುದ್ದೀನ್ ಗುಜರಾತಿನ ಎದುರು ಔಟಾಗದೆ 177 ಓಟ ಹೊಡೆದು ಕೇರಳದ ಮೊತ್ತವನ್ನು 457ಕ್ಕೆ ಮುಟ್ಟಿಸಿದರು. ಗುಜರಾತಿನವರು 455ಕ್ಕೆ ನಿಂತರು. ಕೊನೆಯ ಹುದ್ದರಿ ಬಿದ್ದದ್ದಾದರೂ ಹೇಗೆ? ದಾಂಡಿಗ ಬೀಸಿದ ಚೆಂಡು ಹತ್ತಿರ ನಿಂತಿದ್ದ ಸಲ್ಮಾನ್ ನಿಜಾರರ ಶಿರಸ್ತ್ರಾಣಕ್ಕೆ ಬಡಿದು, ಪುಟಿದು, ಸ್ಲಿಪ್ಪಿನಲ್ಲಿದ್ದ ನಾಯಕ ಸಚಿನ್ ಬೇಬಿಯವರ ಕೈಗೆ ಬಂತು. ಎರಡು ಓಟಗಳ ಮುನ್ನಡೆಯಿಂದ ಕೇರಳವು ಮೊತ್ತಮೊದಲ ಬಾರಿಗೆ ಫೈನಲ್ ಸೇರಿತು.

ಆದರೆ ನಾಗಪುರದ ಆ ಫೈನಲಿನಲ್ಲಿ ಕೇರಳದ ದಾರಿಗೆ ಅಡ್ಡ ನಿಂತವರು ಯಾರು? ವಿದರ್ಭದ ಪರವಾಗಿ 86 ಮತ್ತು 135 ಓಟ ಹೊಡೆದ ಕರುಣ್ ನಾಯರ್. ಮನೆಮಾತು ಮಲಯಾಳ, ಆಟ ಕಲಿತದ್ದು ಬೆಂಗಳೂರಿನಲ್ಲಿ, ಕರ್ನಾಟಕದ ತಂಡದಲ್ಲಿ ಜಾಗ ಸಿಗದೆ 2023ರಲ್ಲಿ ವಿದರ್ಭಕ್ಕೆ ಹೋದವರು. ಹೀಗಿರುವಾಗ ನಮ್ಮವರು ಯಾರಿಗೆ ಚಪ್ಪಾಳೆ ತಟ್ಟಬೇಕಿತ್ತು? ಆ ಪಂದ್ಯ ಡ್ರಾ ಆಯಿತು. ಮೊದಲ ಸರದಿಯ 37 ಓಟಗಳ ಮುನ್ನಡೆಯಿಂದ ಟ್ರೋಫಿ ವಿದರ್ಭದ ಪಾಲಾಯಿತು. ಕರುಣ್ ಆಮೇಲೆ ಅದೇ 2025ರಲ್ಲಿ ಕರ್ನಾಟಕಕ್ಕೆ ಮರಳಿದರು.

ನಾವು ಕ್ರೀಡಾಪಂಡಿತರಲ್ಲ, ಬರೀ ಅಭಿಮಾನಿಗಳು. ಆದರೂ ವರ್ಷಗಟ್ಟಲೆ ನೋಡಿದವರಿಗೆ ಒಂದು ಅಂದಾಜು ಇರುತ್ತದೆ. ನಮ್ಮ ಅಂದಾಜು ಇಷ್ಟೇ: ಕರ್ನಾಟಕಕ್ಕೆ ಎಳೆಯ ದಾಂಡಿಗರ ಕೊರತೆ ಎಂದೂ ಆಗಲಿಲ್ಲ. ಕೊರತೆಯಿರುವುದು ನಾಲ್ಕು ದಿನ ನಿಂತು ಎದುರಾಳಿಯ ಇಪ್ಪತ್ತು ಹುದ್ದರಿ ಕೀಳುವ ಎಸೆತಗಾರರದು.

ದಾಂಡಿಗರ ಬೆಳೆಯನ್ನೇ ಮೊದಲು ನೋಡೋಣ. ಎಡಗೈಯ ಆರ್. ಸ್ಮರಣ್ 2025ರ ಜನವರಿಯಲ್ಲಿ ವಿಜಯ್ ಹಜಾರೆ ಟ್ರೋಫಿಯ ಫೈನಲಿನಲ್ಲಿ ವಿದರ್ಭದ ಎದುರು 101 ಹೊಡೆದ. ಕರ್ನಾಟಕ 36 ಓಟಗಳಿಂದ ಗೆದ್ದು ಆ ಟ್ರೋಫಿಯನ್ನು ಐದನೆಯ ಸಲ ತಂದಿತು. ಅದೇ ತಿಂಗಳು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂಜಾಬಿನ ಎದುರು ಆತನದು 203. ಆಗ ವಯಸ್ಸು ಇಪ್ಪತ್ತೊಂದು. ಈತನ ಆಟದಲ್ಲಿ ನಮಗೆ ಹಿಡಿಸುವುದು ಅವಸರವಿಲ್ಲದಿರುವುದು. ಚೆಂಡು ಬರುವ ತನಕ ಕಾಯುವ ತಾಳ್ಮೆ ಈಗಿನ ಹುಡುಗರಲ್ಲಿ ಕಡಮೆ. ಗೂಟರಕ್ಷಕ ಕೆ.ಎಲ್. ಶ್ರೀಜಿತ್ 2024ರ ಡಿಸೆಂಬರಿನಲ್ಲಿ ಮುಂಬಯಿಯ ಎದುರು ಔಟಾಗದೆ 150 ಹೊಡೆದಾಗ ಬೆನ್ನಟ್ಟಿದ ಮೊತ್ತ 383. ದೇವದತ್ತ ಪಡಿಕ್ಕಲ್ ಅಂತೂ ನಮಗೆ ಹತ್ತಿರದವನೇ. ಹುಟ್ಟಿದ್ದು ಕೇರಳದ ಎಡಪ್ಪಾಳಿನಲ್ಲಿ, ಬಾಲ್ಯ ಹೈದರಾಬಾದಿನಲ್ಲಿ, ಆಟ ಬೆಂಗಳೂರಿನಲ್ಲಿ. 2024ರ ಮಾರ್ಚಿನಲ್ಲಿ ಧರ್ಮಶಾಲೆಯ ತನ್ನ ಮೊದಲ ಟೆಸ್ಟಿನಲ್ಲೇ 65.

ಪ್ರಖರ್ ಚತುರ್ವೇದಿಯ ಹೆಸರನ್ನು ಓದುಗರು ಮರೆತಿರಲಾರರು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಹತ್ತೊಂಬತ್ತರೊಳಗಿನವರ ಕೂಚ್ ಬೆಹಾರ್ ಫೈನಲು. ಮುಂಬಯಿಯ ಎದುರು ಈ ಹುಡುಗ ಔಟಾಗದೆ 404 ಓಟ ಹೊಡೆದ. 638 ಚೆಂಡು ಎದುರಿಸಿದ. ಆ ಫೈನಲಿನಲ್ಲಿ ಅದುವರೆಗಿನ ದಾಖಲೆ 1999ರಲ್ಲಿ ಯುವರಾಜ್ ಸಿಂಗ್ ಹೊಡೆದ 358. ಕರ್ನಾಟಕದ ಒಟ್ಟು ಮೊತ್ತ 8 ಹುದ್ದರಿಗೆ 890. ಇಂಥ ಲೆಕ್ಕ ನೋಡಿದಾಗ ಮನಸ್ಸು ಹಿಗ್ಗುತ್ತದೆ, ನಿಜ. ಆದರೆ 890 ಓಟ ಕೊಡುವ ಪಿಚ್ಚಿನಲ್ಲಿ ಬೆಳೆಯುವ ಚೆಂಡೆಸೆತಗಾರನ ಗತಿಯೇನು ಎಂಬ ಚಿಂತೆಯೂ ಹಿಂದೆಯೇ ಬರುತ್ತದೆ.

ಹಳೆಯ ಕತೆ ಬೇರೆ. 1974ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದದ್ದು ತಿರುಗುಚೆಂಡಿನ ಬಲದಿಂದ. ಅದಕ್ಕೆ ಮೊದಲು ಹದಿನೈದು ವರ್ಷ ಒಂದೇ ಸಮನೆ ಮುಂಬಯಿಯದೇ ಆಳಿಕೆ. ಬೆಂಗಳೂರಿನ ಸೆಮಿಫೈನಲಿನಲ್ಲಿ ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದರು. ನಾಯಕ ಪ್ರಸನ್ನ ಅವರು ಗಾವಸ್ಕರರ ಗೂಟ ಉರುಳಿಸಿದರು. ಆ ಸರಪಳಿ ಅಲ್ಲಿಗೆ ಕಡಿಯಿತು. ಪ್ರಸನ್ನ, ಚಂದ್ರಶೇಖರ್ ಇದ್ದ ಕಾಲದಲ್ಲಿ ಹೊಸ ಚೆಂಡನ್ನು ಹಳತು ಮಾಡುವುದಕ್ಕೆ ಮಾತ್ರ ವೇಗದವರು ಬೇಕಾಗಿದ್ದರು.

ತೊಂಬತ್ತರ ದಶಕದಲ್ಲಿ ಚಿತ್ರ ಬದಲಾಯಿತು. ಮೈಸೂರಿನ ಜಾವಗಲ್ ಶ್ರೀನಾಥ್, ಬೆಂಗಳೂರಿನ ವೆಂಕಟೇಶ್ ಪ್ರಸಾದ್, ಅವರ ಹಿಂದೆ ದೊಡ್ಡ ಗಣೇಶ್ ಮತ್ತು ಡೇವಿಡ್ ಜಾನ್ಸನ್. 1996ನೆಯ ಒಂದೇ ವರ್ಷದಲ್ಲಿ ಕುಂಬ್ಳೆ, ಶ್ರೀನಾಥ್, ಪ್ರಸಾದ್, ದ್ರಾವಿಡ್, ಸುನಿಲ್ ಜೋಶಿ, ಜಾನ್ಸನ್, ಹೀಗೆ ಕರ್ನಾಟಕದ ಆರು ಮಂದಿ ಭಾರತದ ಪರ ಟೆಸ್ಟ್ ಆಡಿದರು. ಅದೇ ವರ್ಷ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಕ್ಕೆ ಗೆಲ್ಲಲು 170 ಬೇಕಿತ್ತು. ಶ್ರೀನಾಥ್ 21 ಓಟಕ್ಕೆ 6 ಹುದ್ದರಿ ಕಿತ್ತು ಅವರನ್ನು 105ಕ್ಕೆ ಮುಗಿಸಿದರು. ಕುಂಬ್ಳೆಯವರ ಮಾತು ಬಂದರೆ ನಮ್ಮ ಊರಿನವರ ಎದೆ ಒಂದಂಗುಲ ಹೆಚ್ಚು ಉಬ್ಬುವುದು ಸಹಜ. ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಾದರೂ 619 ಟೆಸ್ಟ್ ಹುದ್ದರಿಗಳ ಪಕ್ಕದಲ್ಲಿ ಅಚ್ಚಾಗಿರುವುದು ನಮ್ಮ ಕುಂಬಳೆಯ ಹೆಸರು.

ಅನಂತರದ ಸುಗ್ಗಿ 2013ರಿಂದ 2015. ದಾವಣಗೆರೆಯ ಆರ್. ವಿನಯ್ ಕುಮಾರ್ ನಾಯಕ. ಜತೆಗೆ ಅಭಿಮನ್ಯು ಮಿಥುನ್ ಮತ್ತು ಎಡಗೈಯ ಎಸ್. ಅರವಿಂದ್. ಈ ಮೂವರು ಒಟ್ಟಿಗೆ ಇದ್ದದ್ದೇ ಆ ತಂಡದ ಗುಟ್ಟು ಎಂಬುದು ನಮ್ಮ ಖಚಿತ ಅಭಿಪ್ರಾಯ. ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಎರಡು ವರ್ಷ ಸತತವಾಗಿ ಗೆದ್ದರು. 2015ರ ಮಾರ್ಚಿನ ಫೈನಲಿನಲ್ಲಿ ಕರುಣ್ ನಾಯರರ 328, ರಾಹುಲರ 188 ಎಲ್ಲರ ಬಾಯಲ್ಲಿ ಉಳಿದಿದೆ. ಅದಕ್ಕೆ ಮೊದಲು ತಮಿಳುನಾಡು 134ಕ್ಕೆ ಮುಗಿದದ್ದನ್ನೂ, ವಿನಯ್ ಅದರಲ್ಲಿ ಐದು ಹುದ್ದರಿ ಪಡೆದದ್ದನ್ನೂ, ಮೇಲಿಂದ ಶತಕವನ್ನೂ ಹೊಡೆದದ್ದನ್ನೂ ಯಾರೂ ಹೇಳುವುದಿಲ್ಲ. ಚೆಂಡೆಸೆತಗಾರನ ಹಣೆಬರಹವೇ ಅದು!

ಮುಂದಿನ ಹತ್ತು ವರ್ಷ, 2025ರ ತನಕ, ರಣಜಿ ಟ್ರೋಫಿ ಕರ್ನಾಟಕಕ್ಕೆ ಬರಲಿಲ್ಲ. ಸೋತ ಸೆಮಿಫೈನಲುಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. 2017ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ವಿದರ್ಭದ ಎದುರು 198 ಬೇಕಾದಲ್ಲಿ 192ಕ್ಕೆ ಮುಗಿದು ಐದು ಓಟಗಳ ಸೋಲು. ಅದು ದಾಂಡಿಗರ ಪಾಪ, ಒಪ್ಪೋಣ. ಆದರೆ 2019ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಸೌರಾಷ್ಟ್ರ 279ನ್ನು ಬೆನ್ನಟ್ಟುತ್ತಾ 23ಕ್ಕೆ 3 ಹುದ್ದರಿ ಕಳೆದುಕೊಂಡಿತ್ತು. ಅಲ್ಲಿಂದ ಪೂಜಾರ ಮತ್ತು ಜಾಕ್ಸನ್ ಎರಡು ಶತಕ ಹೊಡೆದು ಗೆದ್ದರು. 2023ರ ಫೆಬ್ರವರಿಯಲ್ಲಿ ಅದೇ ಊರು, ಅದೇ ಸೌರಾಷ್ಟ್ರ. ಮಯಾಂಕ್ ಅಗರವಾಲರ 249 ಓಟಗಳ ಬಲದಿಂದ ಕರ್ನಾಟಕ 407 ಮಾಡಿತು, ಅವರು 527 ಮಾಡಿದರು. ಜೋಡಿ ಕಚ್ಚಿ ನಿಂತಾಗ ಅದನ್ನು ಬೇರ್ಪಡಿಸುವ ಮೂರನೆಯ, ನಾಲ್ಕನೆಯ ಎಸೆತಗಾರ ನಮ್ಮಲ್ಲಿ ಇರಲಿಲ್ಲ. ಹೊಸ ಚೆಂಡಿನ ಹೊಳಪು ಹೋದ ಮೇಲೆ, ಮೂವತ್ತನೆಯ ಓವರಿನಿಂದ ಎಂಬತ್ತನೆಯ ಓವರಿನ ತನಕ ಏನು ಮಾಡಬೇಕೆಂದು ತಿಳಿದವನೇ ನಿಜವಾದ ಎಸೆತಗಾರ. ಇಪ್ಪತ್ತು ಓವರಿನ ಆಟದಲ್ಲಿ ಈ ವಿದ್ಯೆ ಕಲಿಯಲು ಸಾಧ್ಯವೇ ಇಲ್ಲ.

ಹಾಗೆಂದು ಹುಡುಗರಿಲ್ಲವೆ? ಇದ್ದಾರೆ. ಕೊಡಗಿನ ವಿದ್ವತ್ ಕಾವೇರಪ್ಪ 2023ರ ದುಲೀಪ್ ಟ್ರೋಫಿ ಫೈನಲಿನಲ್ಲಿ ಪಶ್ಚಿಮ ವಲಯದ ಎದುರು 53 ಓಟಕ್ಕೆ 7 ಹುದ್ದರಿ ಪಡೆದ. ಒಂದೇ ಜಾಗಕ್ಕೆ ಚೆಂಡು ಹಾಕುತ್ತಲೇ ಇರುವ ಗುಣ ಆತನದು. ನಾವು ಆಯ್ಕೆ ಮಾಡುವವರಾಗಿದ್ದರೆ ಮೊದಲು ಬರೆಯುವ ಹೆಸರು ಅದೇ. ವಿಜಯಕುಮಾರ್ ವೈಶಾಖ್ ನಿಧಾನದ ಚೆಂಡಿನಲ್ಲಿ ಮೋಸ ಮಾಡಬಲ್ಲ. ಶ್ರೇಯಸ್ ಗೋಪಾಲ್ ಒಂದು ವರ್ಷ ಕೇರಳಕ್ಕೆ ಆಡಿ 2024ರಲ್ಲಿ ಮರಳಿ ಬಂದದ್ದರಿಂದ ತಿರುಗುಚೆಂಡಿಗೂ ಒಬ್ಬ ಅನುಭವಿ ದೊರೆತಂತಾಯಿತು.

ಎಲ್ಲರಿಗಿಂತ ಮೇಲೆ ಪ್ರಸಿದ್ಧ್ ಕೃಷ್ಣ. 2025ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಭಾರತ ಆರು ಓಟಗಳಿಂದ ಗೆದ್ದ ಟೆಸ್ಟಿನಲ್ಲಿ ಎರಡೂ ಸರದಿಗಳಲ್ಲಿ ನಾಲ್ಕು ನಾಲ್ಕು ಹುದ್ದರಿ ಪಡೆದವರು. ಆದರೆ ಇವರ ಬೆನ್ನಿನ ಕತೆ ಕೇಳಿ. 2022ರಲ್ಲಿ ಸೊಂಟದ ಮೂಳೆಯಲ್ಲಿ ಬಿರುಕು, 2023ರಲ್ಲಿ ಶಸ್ತ್ರಚಿಕಿತ್ಸೆ, 2024ರ ಆರಂಭದಲ್ಲಿ ತೊಡೆಯ ಸ್ನಾಯುವಿಗೆ ಏಟು ಬಿದ್ದು ಮತ್ತೊಂದು ಶಸ್ತ್ರಚಿಕಿತ್ಸೆ. ಎರಡು ಐಪಿಎಲ್ ತಪ್ಪಿದವು. ವೇಗದವನು ಚೆಂಡು ಬಿಡುವ ಗಳಿಗೆಯಲ್ಲಿ ಮುಂದಿನ ಕಾಲು ನೆಲಕ್ಕೆ ಅಪ್ಪಳಿಸುತ್ತದೆ. ದೇಹದ ತೂಕದ ಹಲವು ಪಟ್ಟು ಭಾರ ಮೇಲಕ್ಕೆ ಏರಿ ಸೊಂಟದ ಮೂಳೆಗೆ ಹೋಗುತ್ತದೆ. ಅದೇ ಹೊತ್ತಿಗೆ ಮೈ ಪಕ್ಕಕ್ಕೆ ಬಾಗಿ ತಿರುಚಿಕೊಂಡಿರುತ್ತದೆ. ಹದಿಹರೆಯದಲ್ಲಿ ಆ ಮೂಳೆ ಇನ್ನೂ ಬಲಿತಿರುವುದಿಲ್ಲ. ಒಂದು ಚೆಂಡಿನಿಂದ ಏನೂ ಆಗದು. ವಿಶ್ರಾಂತಿಯಿಲ್ಲದ ಸಾವಿರ ಚೆಂಡುಗಳಿಂದ ಕೂದಲೆಳೆಯಷ್ಟು ಬಿರುಕು ಹುಟ್ಟುತ್ತದೆ. ಹುಡುಗ ‘ಬೆನ್ನು ಹಿಡಿದಿದೆ’ ಎನ್ನುತ್ತಾನೆ. ಮನೆಯಲ್ಲಿ ಎಣ್ಣೆ ತಿಕ್ಕುತ್ತಾರೆ. ಮುಂದಿನ ವಾರ ಮತ್ತೆ ಎಸೆಯುತ್ತಾನೆ.

ಅಮೆರಿಕದವರ ಬೇಸ್‌ಬಾಲ್ ನಮಗೆ ಅರ್ಥವಾಗದ ಆಟ. ಆದರೂ ಅವರಿಂದ ಕಲಿಯಬೇಕಾದ ಒಂದು ಸಂಗತಿಯಿದೆ. ಅಲ್ಲಿಯೂ ಒಬ್ಬ ಚೆಂಡೆಸೆಯುತ್ತಾನೆ, ಒಬ್ಬ ಹೊಡೆಯುತ್ತಾನೆ. ಅವರಿಗೆ ಸೊಂಟಕ್ಕಿಂತ ಮೊಣಕೈ ದೊಡ್ಡ ತಲೆನೋವು. 1974ರಲ್ಲಿ ಲಾಸ್ ಏಂಜಲೀಸಿನ ಟಾಮಿ ಜಾನ್ ಎಂಬ ಎಸೆತಗಾರನ ಮೊಣಕೈಯ ಕಟ್ಟು ಹರಿದಾಗ ಡಾ. ಫ್ರಾಂಕ್ ಜೋಬ್ ಆತನ ಇನ್ನೊಂದು ಕೈಯಿಂದಲೇ ನರದಂಥ ತಂತುವನ್ನು ತೆಗೆದು ಕಸಿ ಮಾಡಿದರು. ಆತ 1976ರಲ್ಲಿ ಮರಳಿ ಬಂದು 1989ರ ತನಕ ಆಡಿದ. ಈಗ ಅದೇ ಚಿಕಿತ್ಸೆಗೆ ಶಾಲಾ ಹುಡುಗರು ಬರುತ್ತಿದ್ದಾರೆಂಬುದು ಅಲ್ಲಿನ ಸಂಕಟ. ಆದ್ದರಿಂದ 2007ರಿಂದ ಅಲ್ಲಿನ ‘ಲಿಟ್ಲ್ ಲೀಗ್’ ಮಕ್ಕಳ ಪಂದ್ಯಗಳಲ್ಲಿ ಚೆಂಡು ಎಣಿಸುವ ನಿಯಮ ಬಂತು. 11–12 ವರ್ಷದವನು ದಿನಕ್ಕೆ 85ಕ್ಕಿಂತ ಹೆಚ್ಚು ಎಸೆಯುವಂತಿಲ್ಲ. ಎಸೆದ ಲೆಕ್ಕಕ್ಕೆ ತಕ್ಕಂತೆ ಮುಂದಿನ ದಿನಗಳಲ್ಲಿ ವಿಶ್ರಾಂತಿ ಕಡ್ಡಾಯ. ಪಂದ್ಯ ಎಷ್ಟೇ ಬಿಗಿಯಾಗಿರಲಿ, ಲೆಕ್ಕ ಮುಗಿಯಿತೆಂದರೆ ಹುಡುಗ ಚೆಂಡು ಕೆಳಗಿಡಬೇಕು.

ನಮ್ಮಲ್ಲಿ ಏನಾಗುತ್ತದೆ? ಸುಗ್ಗಿ ಕಳೆದ ಗದ್ದೆಯಲ್ಲಿ, ಮುರಕಲ್ಲಿನ ಪಾರೆಯಲ್ಲಿ, ಕೊತ್ತಳಿಗೆಯ ಬ್ಯಾಟು ಹಿಡಿದು ಆರಂಭಿಸಿದ ಹುಡುಗ ಹದಿನಾರಕ್ಕೆ ಬರುವಾಗ ಊರ ಟೆನಿಸ್ ಚೆಂಡಿನ ಟೂರ್ನಮೆಂಟುಗಳಿಗೆ ‘ಫಾಸ್ಟ್’ ಆಗಿಬಿಡುತ್ತಾನೆ. ಭಾನುವಾರ ಒಂದೇ ದಿನ ಮೂರು ಪಂದ್ಯ, ರಾತ್ರಿ ದೀಪದ ಬೆಳಕಿನಲ್ಲಿ ಫೈನಲು, ಗಟ್ಟಿ ನೆಲ, ಕಾಲಿಗೆ ತೆಳುವಾದ ಬೂಟು. ಹಗುರದ ಚೆಂಡಿಗೆ ವೇಗ ಕೊಡಲು ಭುಜವನ್ನೇ ಬೀಸಬೇಕು. ಅದೇ ಅಭ್ಯಾಸದಲ್ಲಿ ತೊಗಲಿನ ಚೆಂಡು ಹಿಡಿದಾಗ ಮೈಯ ಲಯ ತಪ್ಪುತ್ತದೆ. ಬದಿಯಡ್ಕದ ಹತ್ತಿರ ಮಾನ್ಯದಲ್ಲಿ ಕೇರಳ ಕ್ರಿಕೆಟ್ ಸಂಸ್ಥೆಯ ಮೈದಾನ ಇದೆ, ನಿಜ. ಆದರೆ ಪೈವಳಿಕೆಯ ಹುಡುಗ ಅಲ್ಲಿಗೆ ಹೋಗಿ ಸೇರುವ ಮೊದಲೇ ಬೆನ್ನು ಕೈಕೊಟ್ಟಿದ್ದರೆ ಮೈದಾನ ಏನು ಮಾಡೀತು? ಅಜರುದ್ದೀನ್ 2021ರಲ್ಲಿ ಮುಂಬಯಿಯ ಎದುರು 54 ಚೆಂಡುಗಳಲ್ಲಿ 137 ಹೊಡೆದು ತೋರಿಸಿದ ಮೇಲೆ ನಮ್ಮೂರಿನ ಹುಡುಗರೆಲ್ಲ ಬ್ಯಾಟು ಹಿಡಿಯುವವರೇ. ಚೆಂಡು ಹಿಡಿಯುವವನಿಗೆ ಇನ್ನೂ ಅಂಥ ಅಣ್ಣ ಸಿಕ್ಕಿಲ್ಲ.

ಇಲ್ಲಿ ಗಡಿಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಕಾಸರಗೋಡಿನಿಂದ ಮಂಗಳೂರು 50 ಕಿ.ಮೀ., ತಿರುವನಂತಪುರ 500 ಕಿ.ಮೀ.ಗೂ ಮೇಲೆ. ವಿಳಾಸ, ಓದು ಇಲ್ಲಿದ್ದರೆ ಹುಡುಗ ಕೇರಳದ ಪಟ್ಟಿಗೆ ಸೇರಬೇಕು. ಮಂಗಳೂರಿನ ಕಾಲೇಜಿಗೆ ಹೋದರೆ ಕರ್ನಾಟಕದ ಬಾಗಿಲು ತಟ್ಟಬಹುದು, ಆದರೆ ಅಲ್ಲಿ ಸಾಲು ಉದ್ದ. ಈ ತೊಡಕು ನಮ್ಮೊಬ್ಬರದೇ ಅಲ್ಲ. ತೆಲಂಗಾಣದ ಗದ್ವಾಲದ ಬಳಿ ಗಟ್ಟು ಎಂಬ ಊರಿದೆ. ಕೃಷ್ಣೆಯ ಆಚೆ ಮಕ್ತಲ, ನಾರಾಯಣಪೇಟೆ. ಅಲ್ಲಿಯೂ ತೆಲುಗಿನ ನಡುವೆ ಕನ್ನಡದ ಮನೆಗಳಿವೆ. ನಾವು 1956ರ ತನಕ ದಕ್ಷಿಣ ಕನ್ನಡದಲ್ಲಿದ್ದಂತೆ ಗದ್ವಾಲ ತಾಲೂಕು ಹಳೆಯ ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. ಅದೇ ನವೆಂಬರ್ 1ರಂದು ರಾಯಚೂರು ಮೈಸೂರಿಗೆ ಬಂತು, ಗದ್ವಾಲ ಆಂಧ್ರಕ್ಕೆ ಹೋಯಿತು. ಗಟ್ಟಿನ ಹುಡುಗನಿಗೆ ರಾಯಚೂರು ಹತ್ತಿರ, ಆದರೆ ಆಟದ ಲೆಕ್ಕದಲ್ಲಿ ಅವನು ಹೈದರಾಬಾದಿನವನು.

ಓವಲಿನ ಆ ಟೆಸ್ಟಿನಲ್ಲಿ ಬಿದ್ದ ಇಂಗ್ಲೆಂಡಿನ 19 ಹುದ್ದರಿಗಳಲ್ಲಿ ಒಂಬತ್ತು ಹೈದರಾಬಾದಿನ ಮಹಮ್ಮದ್ ಸಿರಾಜರವು, ಎಂಟು ಬೆಂಗಳೂರಿನ ಪ್ರಸಿದ್ಧರವು. ಗಟ್ಟಿನ ಕನ್ನಡ ಮನೆಗಳಿಗೆ ಆ ಒಂದು ದಿನ ಪಕ್ಷ ಹಿಡಿಯುವ ಕಷ್ಟವೇ ಇರಲಿಲ್ಲ.

ರಾಜ್ಯದ ಗಡಿ ಸರಿಪಡಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಊರ ಟೂರ್ನಮೆಂಟು ನಡೆಸುವ ಯುವಕ ಸಂಘದವರಲ್ಲಿ ಒಂದು ಬಿನ್ನಹ. ಹದಿನೆಂಟರೊಳಗಿನ ವೇಗದ ಹುಡುಗನಿಗೆ ದಿನಕ್ಕೆ ಇಷ್ಟೇ ಓವರು ಎಂದು ನಿಯಮಪತ್ರದಲ್ಲಿ ಒಂದು ಸಾಲು ಸೇರಿಸಿ. ಹೊಸ ಪುಸ್ತಕ ಬೇಡ, ಖರ್ಚಿಲ್ಲ. ಮೇಜಿನ ಹಿಂದೆ ಕೂತು ಸ್ಕೋರು ಬರೆಯುವ ಹುಡುಗನ ಹತ್ತಿರ ಪ್ರತಿ ಓವರಿನ ಲೆಕ್ಕ ಇದ್ದೇ ಇರುತ್ತದೆ. ಬೆಳಗ್ಗಿನ ಪಂದ್ಯದ ಹಾಳೆಯನ್ನು ರಾತ್ರಿಯ ಪಂದ್ಯದ ತನಕ ಹರಿದು ಬಿಸಾಡದಿದ್ದರಾಯಿತು.